ಮೂರು ಪರದೆಯ ಲಗ್ನಪತ್ರಿಕೆ

ಲಗ್ನಪತ್ರಿಕೆ ಬರೆಸಲು ಒಬ್ಬರೇ ಬಂದದ್ದನ್ನು ಅತ್ತಿಬೆಲೆಯಲ್ಲಿ ನಾನು ನೋಡಿಲ್ಲ. ಹುಡುಗಿಯ ಅಪ್ಪನ ಜೊತೆ ದೊಡ್ಡಪ್ಪ, ದೊಡ್ಡಪ್ಪನ ಜೊತೆ ಅವರ ಅಳಿಯ, ಅಳಿಯನ ಜೊತೆ ಕಾಗುಣಿತ ನೋಡಲೆಂದು ಒಬ್ಬ ಮೇಷ್ಟ್ರು. ಇಷ್ಟೂ ಜನ ನನ್ನ ಬೆನ್ನ ಹಿಂದೆ ನಿಂತು, ಹದಿನಾಲ್ಕು ಇಂಚಿನ ಒಂದೇ ಒಂದು ಲ್ಯಾಪ್‌ಟಾಪಿನೊಳಗೆ ಕತ್ತು ತೂರಿಸುತ್ತಿದ್ದರು. ಒಬ್ಬರ ಉಸಿರು ನನ್ನ ಕಿವಿಗೆ, ಒಬ್ಬರ ಶಲ್ಯ ನನ್ನ ಹೆಗಲಿಗೆ. "ಇಲ್ಲಿ, ಇಲ್ಲಿ ನೋಡಮ್ಮ" ಎಂದು ಸುಣ್ಣ ಹತ್ತಿದ ಬೆರಳನ್ನು ನೇರ ಪರದೆಗೇ ಒತ್ತುವರು. ಸಂಜೆಯ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನ ಮುಖ ಎಲೆ ಅಡಿಕೆ ತಟ್ಟೆಯ ಹಾಗಾಗುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಇದಕ್ಕಂತೂ ದಿನಾ ಬರುತ್ತಿತ್ತು.

ನಾನು ಮಹಾನಂದಾ, ಬಾಗಲಕೋಟೆ ಕಡೆಯವಳು. ನನ್ನ ಗಂಡ ಯಮನೂರ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ನಾನು ಬಸ್ ಸ್ಟ್ಯಾಂಡಿನ ಹಿಂದಿನ ಶ್ಯಾಮಣ್ಣನವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾರ್ಡು, ಕರಪತ್ರ ಟೈಪು ಮಾಡುತ್ತಿದ್ದೆ. 2011ರ ಫೆಬ್ರವರಿಯಲ್ಲಿ ಯಮನೂರನ ಕಾರ್ಖಾನೆಯ ಆಫೀಸಿನವರು ಹೊಸ ಕಂಪ್ಯೂಟರು ತರಿಸಿ, ಹಳೆಯ ಮಾನಿಟರುಗಳನ್ನು ಬೇಕಾದವರು ಒಯ್ಯಿರಿ ಎಂದರಂತೆ. ಯಮನೂರ ಎರಡನ್ನು ನಮ್ಮೂರ ಕೌದಿಯಲ್ಲಿ ಸುತ್ತಿ, ಟಿವಿಎಸ್ ಗಾಡಿಯ ಮೇಲೆ ಹಸುಗೂಸಿನ ಹಾಗೆ ತಂದ. ಮದುವೆಯಾದ ಆರು ವರ್ಷದಲ್ಲಿ ಅವನು ನನಗೆ ತಂದ ಸೀರೆಗಳಲ್ಲಿ ಒಂದೂ ನನ್ನನ್ನು ಇಷ್ಟು ಕುಣಿಸಿರಲಿಲ್ಲ.

ಮರುದಿನವೇ ಎರಡನ್ನೂ ಪ್ರೆಸ್ಸಿಗೆ ಹೊತ್ತೆ. ಶ್ಯಾಮಣ್ಣನವರು ಕನ್ನಡಕದ ಮೇಲಿಂದ ನೋಡಿದರು.

"ದೇವ್ರು ಕೊಟ್ಟಿರೋದು ಎರಡು ಕಣ್ಣು. ನಿಂಗ್ಯಾಕಮ್ಮ ಮೂರು ಪರದೆ?"

"ಶಿವಗ ಮೂರು ಕಣ್ಣು ಅದಾವಲ್ರೀ ಸರ್."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು. ಆದರೆ ತಡೆಯಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಮಾನಿಟರಿಗೆಂದು ಇದ್ದದ್ದು ಒಂದೇ ಕಿಂಡಿ. ಎರಡನೆಯದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನಿಂದ, ಯುಎಸ್‌ಬಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ತಂದಿದ್ದೆ. ಎಲ್ಲ ಸಿಕ್ಕಿಸಿ ಸ್ವಿಚ್ ಒತ್ತಿದಾಗ ಮೊದಲು ಮೂರರಲ್ಲೂ ಒಂದೇ ಚಿತ್ರ ಬಂತು. ಇಷ್ಟಕ್ಕೇ ಇಷ್ಟು ಒದ್ದಾಡಿದೆನೇ ಎಂದು ಮುಖ ಸಣ್ಣದಾಯಿತು. ಆಮೇಲೆ ಸೆಟ್ಟಿಂಗಿನಲ್ಲಿ ಹುಡುಕಿ, ಮೂರೂ ಸೇರಿ ಒಂದೇ ಅಗಲದ ಜಾಗವಾಗಲಿ ಎಂಬುದನ್ನು ಆರಿಸಿದೆ. ಮೌಸಿನ ಬಾಣವನ್ನು ಲ್ಯಾಪ್‌ಟಾಪಿನ ಎಡ ಅಂಚಿಗೆ ತಳ್ಳಿದೆ. ಅದು ಅಂಚಿನಲ್ಲಿ ನಿಲ್ಲಲಿಲ್ಲ! ಪಕ್ಕದ ಮಾನಿಟರಿನೊಳಗೆ ಹಾರಿ ಕೂತಿತು. ವಾಪಸು ಎಳೆದೆ, ಬಂತು. ಬಲಕ್ಕೆ ತಳ್ಳಿದೆ, ಬಲದ ಮಾನಿಟರಿಗೆ ಹೋಯಿತು. ಒಂದು ಕಾರ್ಡನ್ನೇ ಹಿಡಿದೆಳೆದೆ. ಅರ್ಧ ಗಣಪತಿ ಲ್ಯಾಪ್‌ಟಾಪಿನಲ್ಲಿ, ಅರ್ಧ ಗಣಪತಿ ಮಾನಿಟರಿನಲ್ಲಿ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದವಳಿಗೆ ಅತ್ತ ಒಂದು, ಇತ್ತ ಒಂದು ಕೋಣೆ ಸಿಕ್ಕರೆ ಹೇಗಿರುತ್ತದೋ ಹಾಗಾಗಿತ್ತು ನನಗೆ.

ನನ್ನ ಮೇಜಿನ ಎಡಕ್ಕೂ ಬಲಕ್ಕೂ ಗೋಡೆಗೆ ಒಂದೊಂದು ಬೆಂಚು ಇದ್ದವು. ಎಡದ ಮಾನಿಟರಿನ ಮುಖವನ್ನು ಎಡ ಬೆಂಚಿಗೆ, ಬಲದ್ದನ್ನು ಬಲ ಬೆಂಚಿಗೆ ತಿರುಗಿಸಿದೆ. ಕತ್ತು ಚಾಚಿದರೆ ನನಗೂ ಓರೆಯಾಗಿ ಕಾಣುತ್ತಿದ್ದವು. ಕಾರ್ಡನ್ನು ನನ್ನ ಹತ್ತಿರ ಎಳೆದುಕೊಂಡು ತಿದ್ದುವುದು, ಮತ್ತೆ ಬೆಂಚಿನವರ ಕಡೆ ದೂಡುವುದು. ಇನ್ನು ಯಾರ ಉಸಿರೂ ನನ್ನ ಕಿವಿಗಿಲ್ಲ! ಗಿರಾಕಿಗಳು ಗೌರವವಾಗಿ ಬೆಂಚಿನಲ್ಲಿ ಕೂತು ತಮ್ಮ ಪರದೆ ನೋಡಿಕೊಳ್ಳತೊಡಗಿದರು.

ಶ್ಯಾಮಣ್ಣನವರಿಗೆ ಮಾತ್ರ ಸಮಾಧಾನವಿಲ್ಲ. "ಗಿರಾಕಿಗೆ ಎಲ್ಲಾ ತೋರಿಸ್ಬಾರ್ದು ಕಣಮ್ಮ. ನೋಡಿದ್ರೆ ಕೈ ಹಾಕ್ತಾರೆ. ಒಂದೇ ಒಂದು ಗಲಾಟೆ ಆಗ್ಲಿ, ಎರಡನ್ನೂ ಗುಜರಿಗೆ ಹಾಕ್ತೀನಿ" ಎಂದರು.

ನಾಲ್ಕನೆಯ ದಿನ ರುದ್ರಮ್ಮ ಬಂದರು, ಮಗಳು ಕೃಪಾಳ ಜೊತೆ. ಅತ್ತಿಬೆಲೆಯ ಹಳೇ ಊರಿನ ದೊಡ್ಡ ಒಕ್ಕಲು ಮನೆಯ ಸೊಸೆ. ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ದೊಡ್ಡವರು ಬೈರಪ್ಪ, ಕೊನೆಯವರು ನರಸಪ್ಪ. ರುದ್ರಮ್ಮನ ಗಂಡ ನಡುವಿನವರು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡಿದ್ದರು. ಉಳಿದ ಇಬ್ಬರೂ ಎಣ್ಣೆ ಸೀಗೆಕಾಯಿ. ಪಕ್ಕಪಕ್ಕದಲ್ಲಿ ಗೋಡೌನು ಕಟ್ಟುವಾಗ ನಡುವಿನ ಗೋಡೆ ಒಂದು ಮೊಳ ಅತ್ತಲೋ ಇತ್ತಲೋ ಎಂದು ಶುರುವಾದ ಜಗಳ ಬೆಳೆದು, ಏಳು ವರ್ಷದಿಂದ ಒಬ್ಬರಿಗೊಬ್ಬರು ಮಾತಿಲ್ಲ. ಈ ಮಧ್ಯೆ ರುದ್ರಮ್ಮ ತಮ್ಮ ಪಾಲಿನ ಒಂದೆಕರೆಯಲ್ಲಿ ಸೇವಂತಿಗೆ ಬೆಳೆದು, ಬೆಳಗಿನ ಬಸ್ಸಿಗೆ ಹೂ ಹಾಕಿ, ಮಗಳನ್ನು ಬಿ.ಕಾಂ. ಓದಿಸಿದ್ದರು. ಅವರ ಹೆಬ್ಬೆರಳ ಸಂದಿ ಹೂವಿನ ಸೊನೆಗೆ ಹಸಿರುಗಟ್ಟಿತ್ತು.

ರುದ್ರಮ್ಮ ಸೆರಗಿನ ಗಂಟಿನಿಂದ ಎರಡು ಚೀಟಿ ತೆಗೆದರು. ಒಂದು ಬೈರಪ್ಪ ಬರೆಸಿಕೊಟ್ಟದ್ದು: "ಶ್ರೀ ಬೈರಪ್ಪನವರು ಮಾಡುವ ವಿಜ್ಞಾಪನೆಗಳು. ನನ್ನ ತಮ್ಮನ ಮಗಳಾದ ಚಿ. ಸೌ. ಕೃಪಾ..." ಇನ್ನೊಂದು ನರಸಪ್ಪನದು: "ಶ್ರೀ ನರಸಪ್ಪನವರು ಮಾಡುವ ವಿಜ್ಞಾಪನೆಗಳು. ನನ್ನ ಅಣ್ಣನ ಮಗಳಾದ ಚಿ. ಸೌ. ಕೃಪಾ..." ಕಾರ್ಡಿನ ತಲೆಯಲ್ಲಿ ಯಾರ ಹೆಸರೋ ಮದುವೆ ಅವರದು. ಇಬ್ಬರೂ ಬಿಡುವ ಪೈಕಿಯಲ್ಲ. ಮುಹೂರ್ತಕ್ಕೆ ಇದ್ದದ್ದು ಹದಿನೆಂಟು ದಿನ.

ಕೃಪಾ ನನ್ನ ಮೇಜಿನ ಮೇಲೆ ಬಗ್ಗಿದಳು. "ಅಕ್ಕ, ಮೇಲ್ಗಡೆ ಅಮ್ಮನ ಹೆಸ್ರು ಹಾಕಕ್ಕಾಗಲ್ವಾ?"

ಒಳಗಿನಿಂದ ಶ್ಯಾಮಣ್ಣನವರೇ ಉತ್ತರ ಕೊಟ್ಟರು. "ಗಂಡನ್ನ ಕಳ್ಕೊಂಡೋರ ಹೆಸ್ರಲ್ಲಿ ಮಂಗಳ ಕಾರ್ಯಕ್ಕೆ ಕರಿಯೋ ಪದ್ಧತಿ ಇಲ್ಲ ಮಗಳೆ. ಕೆಳಗಡೆ, ಇಂಥೋರ ಪುತ್ರಿ ಅನ್ನೋ ಕಡೆ ಬರ್ತದಲ್ಲ, ಸಾಕು."

"ಬ್ಯಾಡ ಬುಡು ಮಗ" ಎಂದರು ರುದ್ರಮ್ಮ. ಆದರೆ ಹಾಗೆನ್ನುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡಿದ್ದರು. ಆ ನೋಟದಲ್ಲಿ ಆಸೆ ಇತ್ತು. ಬೇರೇನೂ ಕೇಳದ ಹೆಂಗಸು ಒಂದೇ ಒಂದನ್ನು ಕೇಳಬೇಕೆಂದು ಬಂದು, ಕೇಳದೆ ಹೋಗುತ್ತಿರುವುದು ನನಗೆ ಗೊತ್ತಾಯಿತು. ನನಗೆ ಮೈ ಉರಿದುಹೋಯಿತು.

ಅವರು ಹೋದ ಮೇಲೆ ಶ್ಯಾಮಣ್ಣನವರು ಕುರ್ಚಿ ಎಳೆದುಕೊಂಡು ಬಂದರು. ಮುಖದಲ್ಲಿ ಏನೋ ಹೊಳೆದ ಕಳೆ.

"ಮಹಾನಂದಾ, ನಿನ್ನ ಪರದೆ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು ನೋಡು. ನಾಳೆ ಇಬ್ರನ್ನೂ ಕರೆಸ್ತೀನಿ. ಎಡಗಡೆ ಬೈರಪ್ಪ, ಅವನ ಪರದೇಲಿ ಅವನ ಹೆಸ್ರು. ಬಲಗಡೆ ನರಸಪ್ಪ, ಅವನ ಪರದೇಲಿ ಅವನ ಹೆಸ್ರು. ಒಬ್ರ ಮುಖ ಒಬ್ರು ನೋಡಲ್ಲ, ಇನ್ನು ಒಬ್ರ ಪರದೆ ಒಬ್ರು ನೋಡ್ತಾರಾ? ಇಬ್ರೂ ಒಪ್ತಾರೆ. ಸಾವಿರ ಅದು, ಸಾವಿರ ಇದು ಹೊಡೆದ್ಬಿಡೋಣ. ಅವರವರ ಕಡೆಯೋರಿಗೆ ಅವರವರು ಹಂಚ್ಕೊಳ್ಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಗೊತ್ತಾದ್ರ ಏನ್ರೀ ಸರ್?"

"ಮದುವೆ ಆದ್ಮೇಲೆ ಕಾರ್ಡು ಯಾರು ನೋಡ್ತಾರೆ?"

ಬಾಯಿ ಮುಚ್ಚಿಕೊಂಡು ಎರಡು ಪ್ರತಿ ಮಾಡಿದೆ. ಆಮೇಲೆ, ಯಾರೂ ಹೇಳದೆ, ಮೂರನೆಯದನ್ನೂ ಮಾಡಿದೆ. "ಶ್ರೀಮತಿ ರುದ್ರಮ್ಮನವರು ಮಾಡುವ ವಿಜ್ಞಾಪನೆಗಳು." ಕೆಳಗೆ "ನನ್ನ ತಮ್ಮನ ಮಗಳು" ಎನ್ನುವಂತಿಲ್ಲ, "ನನ್ನ ಅಣ್ಣನ ಮಗಳು" ಎನ್ನುವಂತಿಲ್ಲ. "ನನ್ನ ಪುತ್ರಿಯಾದ ಚಿ. ಸೌ. ಕೃಪಾ" ಎಂದು ಟೈಪು ಮಾಡಿದೆ. ಮೂರು ಕಾರ್ಡಿನಲ್ಲಿ ಇದೊಂದೇ ಹುಡುಗಿಯ ಮದುವೆಯ ಕಾರ್ಡಿನ ಹಾಗೆ ಕಂಡಿತು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಬೈರಪ್ಪ ಜೀಪಿನಲ್ಲಿ ಬಂದರು, ಬಿಳಿ ಪಂಚೆ, ಜೊತೆಗೆ ಇಬ್ಬರು. ಎಡ ಬೆಂಚು ತುಂಬಿತು. ಐದು ನಿಮಿಷಕ್ಕೆ ನರಸಪ್ಪ ಬಂದರು, ಸಫಾರಿ ಸೂಟು, ಜೊತೆಗೆ ಮೂವರು. ಬಲ ಬೆಂಚು ತುಂಬಿತು. ಇಬ್ಬರೂ ಗೋಡೆಯ ಕ್ಯಾಲೆಂಡರು ನೋಡುತ್ತ ಕೂತರು. ರುದ್ರಮ್ಮನಿಗೆ ಜಾಗವಿರಲಿಲ್ಲ. ನಾನು ನನ್ನ ಪಕ್ಕಕ್ಕೇ ಸ್ಟೂಲು ಎಳೆದು ಕೂರಿಸಿದೆ. ಕೃಪಾ ಅಮ್ಮನ ಹಿಂದೆ ನಿಂತಳು.

ಲ್ಯಾಪ್‌ಟಾಪಿನಲ್ಲಿ ಮೂರನೆಯ ಕಾರ್ಡು ತೆರೆದೇ ಇತ್ತು. ರುದ್ರಮ್ಮ ತುಟಿ ಅಲುಗಿಸುತ್ತ ನಿಧಾನ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು.

"ಸುಮ್ನ ನೋಡ್ಲಿಕ್ಕಂತ ಮಾಡೀನ್ರೀ ಅಮ್ಮಾ. ತಗದುಬಿಡ್ತೀನಿ" ಎಂದು ಪಿಸುಗುಟ್ಟಿದೆ.

"ಒಸಿ ಒತ್ತು ಇರ್ಲಿ ಬುಡು" ಎಂದರು ಅವರು.

ನಾನು ತೆಗೆಯಲಿಲ್ಲ. ಅದನ್ನು ಹಿಂದೆ ಹಾಗೇ ಬಿಟ್ಟು ಕೆಲಸ ಶುರುಮಾಡಿದೆ. ಅಬ್ಬಾ, ಆ ಅರ್ಧ ಗಂಟೆ! ಮೂರು ಒಲೆ ಹೊತ್ತಿಸಿ ಒಬ್ಬಳೇ ಅಡುಗೆಗೆ ನಿಂತ ಹಾಗಿತ್ತು. ಎಡದಿಂದ ಬೈರಪ್ಪ, "ಗಣಪತಿ ಇನ್ನೊಂಚೂರು ದಪ್ಪ ಆಗ್ಲಿ" ಎನ್ನುವರು. ಎಡದ ಕಾರ್ಡನ್ನು ಎಳೆದೆ, ದಪ್ಪ ಮಾಡಿದೆ, ದೂಡಿದೆ. ಅಷ್ಟರಲ್ಲಿ ಬಲದಿಂದ ನರಸಪ್ಪ, "ಅಕ್ಷರ ಕೆಂಪಿಗಿರ್ಲಿ, ಮದುವೆ ಮನೆ ಅನ್ನಿಸ್ಬೇಕು" ಎನ್ನುವರು. ಬಲದ್ದನ್ನು ಎಳೆದೆ, ಕೆಂಪು ಬಳಿದೆ, ದೂಡಿದೆ. ಬಾಣ ಅತ್ತಿಂದಿತ್ತ ಹಾರುತ್ತಿತ್ತು, ನನ್ನ ಕೈ ನನ್ನ ಮಾತು ಕೇಳುತ್ತಿತ್ತು, ಒಂದು ಸಲವೂ ಕಾರ್ಡು ಅದಲುಬದಲಾಗಲಿಲ್ಲ. ಇಷ್ಟು ದೊಡ್ಡ ಮೋಸವನ್ನು ಇಷ್ಟು ಚೆನ್ನಾಗಿ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಸುಳ್ಳು ಯಾಕೆ, ಹೆಮ್ಮೆಯೇ ಹೆಚ್ಚು.

ಬೈರಪ್ಪ ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಕೆಳಗಡೆ ಸುಖಾಗಮನ ಬಯಸೋರಲ್ಲಿ ಒಬ್ರುದು ಎಸ್ರು ಐತಲ್ಲ, ಅದು ಒಸಿ ಸಣ್ಣಕ್ಕೆ ಇರ್ಲಿ."

ಎರಡು ನಿಮಿಷಕ್ಕೆ ಬಲ ಬೆಂಚಿನಿಂದಲೂ ಅದೇ ಅಪ್ಪಣೆ ಬಂತು. ಒಬ್ಬರ ಹೆಸರನ್ನು ಇನ್ನೊಬ್ಬರ ಕಾರ್ಡಿನಲ್ಲಿ ಇರುವೆಯಷ್ಟು ಮಾಡಿದೆ. ಇಬ್ಬರೂ ತಮ್ಮ ತಮ್ಮ ಪರದೆಗೆ ತಲೆಯಾಡಿಸಿದರು. ಎದುರಿನವನು ಸೋತ ಎಂದೇ ಇಬ್ಬರ ಲೆಕ್ಕ. ಶ್ಯಾಮಣ್ಣನವರು ಇಂಕ್ ಪ್ಯಾಡು, ಪೆನ್ನು ತಂದು ಮೇಜಿನ ಮೇಲಿಟ್ಟರು. ಪ್ರೂಫಿನ ಮೇಲೆ, ತಲೆಯಲ್ಲಿ ಹೆಸರಿರುವವರು ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಬೇಕು. ಇದು ನಮ್ಮ ಪ್ರೆಸ್ಸಿನ ಕಾನೂನು. ನಾನು ಪ್ರಿಂಟ್ ಒತ್ತಿದೆ. ಪ್ರಿಂಟರು ಒಂದು ಸಲ ಗುರ್ ಎಂದಿತು.

ಕರೆಂಟು ಹೋಯಿತು.

ಫ್ಯಾನು ನಿಂತಿತು, ಪ್ರಿಂಟರು ಕಾಗದವನ್ನು ಅರ್ಧ ನುಂಗಿ ನಿಂತಿತು, ಎರಡೂ ಮಾನಿಟರು ಕಪ್ಪಾದವು. ಅಂಗಡಿಯಲ್ಲಿ ಬೆಳಕಿದ್ದದ್ದು ಒಂದೇ ಕಡೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ ಎಂಬುದನ್ನು ಶ್ಯಾಮಣ್ಣನವರು ತಮ್ಮ ಉಪಾಯದಲ್ಲಿ ಸೇರಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಸೇರಿಸಿರಲಿಲ್ಲ.

"ಇದ್ಯಾಕಮ್ಮ ನಮ್ದು ಕೆಟ್ಟೋಯ್ತು, ನಿಂದು ಉರೀತಾ ಐತೆ?" ಎಂದರು ಬೈರಪ್ಪ.

"ಕರೆಂಟು ಬರಕ್ಕೆ ಎರಡು ಗಂಟೆ ಆಯ್ತದೆ. ಅದ್ರಲ್ಲೇ ತೋರ್ಸಿಬುಡು" ಎಂದರು ನರಸಪ್ಪ.

ಇಬ್ಬರೂ ಎದ್ದರು. ಒಬ್ಬರು ಎಡದಿಂದ, ಒಬ್ಬರು ಬಲದಿಂದ ಬಂದು ನನ್ನ ಬೆನ್ನ ಹಿಂದೆ ನಿಂತರು. ಮತ್ತೆ ಅದೇ ಉಸಿರು ನನ್ನ ಕಿವಿಗೆ! ಆದರೆ ಏಳು ವರ್ಷದಲ್ಲಿ ಮೊದಲ ಸಲ ಅಣ್ಣನ ಭುಜಕ್ಕೆ ತಮ್ಮನ ಭುಜ ತಾಗಿತ್ತು. ಬೇರೆ ದಾರಿಯೇ ಇರಲಿಲ್ಲ. ಹದಿನಾಲ್ಕು ಇಂಚಿನಲ್ಲಿ ಇಬ್ಬರು ನೋಡಬೇಕೆಂದರೆ ತಾಗಲೇಬೇಕು. ಅವರ ಕಣ್ಣ ಮುಂದೆ ಮೂರನೆಯ ಕಾರ್ಡು ಇತ್ತು.

ಶ್ಯಾಮಣ್ಣನವರ ಜೀವ ಬಾಯಿಗೆ ಬಂದಿರಬೇಕು. ಉಳಿದ ಎರಡು ಕಾರ್ಡು ಇನ್ನೂ ಆ ಸತ್ತ ಮಾನಿಟರುಗಳ ಕಡೆಯೇ ಇದ್ದವು, ಯಾರಿಗೂ ಕಾಣುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಹಾಗೇ ಇರುತ್ತಿದ್ದವು. ಆದರೆ ಅವರು, ವೈರು ಕಿತ್ತರೆ ಎಲ್ಲವೂ ಅಳಿಸಿಹೋಗುತ್ತದೆ ಎಂದುಕೊಂಡು, ಮೇಜಿನ ಹಿಂದೆ ಕೈ ಹಾಕಿ ಎರಡೂ ವೈರನ್ನು ಸರಕ್ಕನೆ ಎಳೆದುಬಿಟ್ಟರು. ವೈರು ಕಿತ್ತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮನೆ ಬಿದ್ದರೆ ಒಕ್ಕಲು ಬೀದಿಗೆ ಬರಲೇಬೇಕು. ಎಡಕ್ಕಿದ್ದ ಕಾರ್ಡೊಂದು, ಬಲಕ್ಕಿದ್ದ ಕಾರ್ಡೊಂದು ಪಟಪಟನೆ ಲ್ಯಾಪ್‌ಟಾಪಿಗೆ ಹಾರಿ ಬಂದವು.

ಮುಚ್ಚಳ ಮುಚ್ಚಬಹುದಿತ್ತು, ಒಂದು ಕೈಯ ಕೆಲಸ. ಶ್ಯಾಮಣ್ಣನವರು ಕಣ್ಣಿನಲ್ಲೇ ಬೇಡಿಕೊಂಡರು. ಪಕ್ಕದಲ್ಲಿ ರುದ್ರಮ್ಮನ ಹಸಿರು ಹೆಬ್ಬೆರಳು ಸೆರಗಿನ ಅಂಚನ್ನು ಹೊಸೆಯುತ್ತಿತ್ತು. ನಾನು ಮುಚ್ಚಲಿಲ್ಲ. ಮೂರೂ ಕಾರ್ಡನ್ನು ಸಣ್ಣದು ಮಾಡಿ ಸಾಲಾಗಿ ನಿಲ್ಲಿಸಿದೆ, ನಡುವೆ ರುದ್ರಮ್ಮನದು.

ಬೈರಪ್ಪ ಬಲದ ಕಾರ್ಡು ಓದಿದರು, ನರಸಪ್ಪ ಎಡದ್ದು ಓದಿದರು. ಆಮೇಲೆ ಇಬ್ಬರೂ ಒಟ್ಟಿಗೇ ಕೂಗಿದರು.

"ಲೋ ಶ್ಯಾಮ! ನಮ್ಮಿಬ್ರುನ್ನೂ ಯಾಮಾರಿಸ್ತಾ ಇದ್ಯೇನೋ?" ಎಂದು ಬೈರಪ್ಪ.

"ಅಲ್ಲೊಂದು ಇಲ್ಲೊಂದು ಎಸ್ರು ಅಚ್ಚಾಕಿ, ಊರೆಲ್ಲ ನಮ್ಮನೇನ ನೋಡಿ ನಗ್ಲಿ ಅಂತಲೇನಯ್ಯ?" ಎಂದು ನರಸಪ್ಪ.

ಶ್ಯಾಮಣ್ಣನವರು ಕಿತ್ತ ವೈರುಗಳನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಬೈಗುಳ ಸ್ವಲ್ಪ ತಣಿದ ಮೇಲೆ ಬೈರಪ್ಪ ಕನ್ನಡಕ ಸರಿಮಾಡಿ ನಡುವಿನ ಕಾರ್ಡಿಗೆ ಬಗ್ಗಿದರು. ಗಟ್ಟಿಯಾಗಿ ಓದಿದರು. "ಶ್ರೀಮತಿ ರುದ್ರಮ್ಮನವರು ಮಾಡುವ... ನನ್ನ ಪುತ್ರಿಯಾದ..." ಅಲ್ಲಿಗೆ ನಿಲ್ಲಿಸಿದರು. "ಇದ್ಯಾರು ಆಕ್ಸಿದ್ದು?"

"ನಾನೇ ಮಾಡೀನ್ರೀ" ಎಂದೆ. ಕೆಲಸ ಹೋಯಿತು, ಮಾನಿಟರು ಗುಜರಿಗೆ ಹೋದವು ಎಂದುಕೊಂಡೆ.

ಪಕ್ಕದ ಸ್ಟೂಲು ಕಿರುಗುಟ್ಟಿತು. ರುದ್ರಮ್ಮ ಎದ್ದು ನಿಂತಿದ್ದರು.

"ಆ ಮಗೀನ ಬೈಬ್ಯಾಡಿ. ನಾನೇ ಇರ್ಲಿ ಅಂದೆ" ಎಂದರು. "ಅನ್ನೊಂದು ವರ್ಷ ಊವ ಬಿಡಿಸಿ ಸಾಕಿದೀನಿ. ಜರ ಬಂದಾಗ ಎತ್ಕೊಂಡು ಓಡಿದೀನಿ. ಆವಾಗ ಯಾರೂ ಪದ್ಧತಿ ಕೇಳ್ಲಿಲ್ಲ. ನನ್ ಮಗಳ ಮದುವೆಗೆ ಜನ ಕರಿಯಾಕೆ ನನ್ ಬಾಯಿ ಬ್ಯಾಡ್ವಾ?"

ಕೃಪಾ ಅಮ್ಮನ ಬೆನ್ನಿಗೆ ಮುಖ ಒತ್ತಿದಳು. ಬೈರಪ್ಪ ಪಂಚೆಯ ತುದಿ ಹಿಡಿದು ನೆಲ ನೋಡಿದರು. "ಪದ್ಧತಿ ಅಂತ ಒಂದೈತಲ್ಲಮ್ಮ..." ಎಂದು ಎಳೆದರು. ಪೂರ್ತಿ ಮಾಡಲು ಅವರಿಗೇ ಮನಸ್ಸಿರಲಿಲ್ಲ.

ಆಗ ನರಸಪ್ಪ, ಏಳು ವರ್ಷದ ಮೇಲೆ, ಆ ಮಾತು ಆಡಿದರು.

"ಅಣ್ಣ."

ಬೈರಪ್ಪ ತಿರುಗಿ ನೋಡಿದರು.

"ನಿನ್ನೆಸ್ರು ಮೇಲೆ ಬಂದ್ರೆ ನಂಗಾಗಕ್ಕಿಲ್ಲ. ನನ್ನೆಸ್ರು ಬಂದ್ರೆ ನಿಂಗಾಗಕ್ಕಿಲ್ಲ. ಅತ್ತಿಗೆದು ಬಂದ್ರೆ ನಂದೇನೂ ಅಡ್ಡಿಯಿಲ್ಲ. ನಿಂದು?"

ಬೈರಪ್ಪ ಎಡಗಡೆಯ ಕಾರ್ಡು ನೋಡಿದರು, ಬಲಗಡೆಯದು ನೋಡಿದರು. ಬಲಗಡೆಯದರಲ್ಲಿ ತಮ್ಮ ಹೆಸರು ಇರುವೆಯಷ್ಟಾಗಿದ್ದದ್ದೂ ಕಣ್ಣಿಗೆ ಬಿದ್ದಿರಬೇಕು.

"ನಿಂದು ಬರಾದ್ಕಿಂತ ಇದೇ ವಾಸಿ ಕಣೋ" ಎಂದರು.

ದೊಡ್ಡ ಮನಸ್ಸಿನಿಂದ ಆಡಿದ ಮಾತೇನಲ್ಲ. ಹಟಕ್ಕೆ ಬಿದ್ದು ಆಡಿದ್ದು. ಆದರೆ ರುದ್ರಮ್ಮ ಅದನ್ನೆಲ್ಲ ಸೋಸಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. ನನಗೆ ಕುಣಿಯಬೇಕೆನಿಸಿತು. ಮೌಸು ಹಿಡಿದು ಎಡದ ಕಾರ್ಡನ್ನು ಮುಚ್ಚಿದೆ, ಬಲದ ಕಾರ್ಡನ್ನು ಮುಚ್ಚಿದೆ. ಬೈರಪ್ಪ, ನರಸಪ್ಪ ಇಬ್ಬರ ಹೆಸರನ್ನೂ ಕೆಳಗೆ ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ಹಾಕಿದೆ. ಇಬ್ಬರೂ ಬೆರಳಿನಿಂದ ಅಳೆದು ನೋಡಿ ಒಪ್ಪಿದರು.

ಕರೆಂಟು ಎರಡು ಗಂಟೆ ಕಾಯಿಸಲಿಲ್ಲ, ಇಪ್ಪತ್ತು ನಿಮಿಷಕ್ಕೇ ಬಂತು. ಶ್ಯಾಮಣ್ಣನವರು ವೈರುಗಳನ್ನು ತಾವೇ ಸಿಕ್ಕಿಸಿದರು, ನಾನು ಹೇಳಿಕೊಟ್ಟೆ. ಈ ಸಲ ಸೆಟ್ಟಿಂಗು ಬದಲಿಸಿದೆ: ಮೂರರಲ್ಲೂ ಒಂದೇ ಚಿತ್ರ. ಮೊದಲ ದಿನ ಇದನ್ನೇ ನೋಡಿ ನನ್ನ ಮುಖ ಸಣ್ಣದಾಗಿತ್ತು. ಇವತ್ತು ಎಡ ಬೆಂಚಿನವರಿಗೂ ಅದೇ, ಬಲ ಬೆಂಚಿನವರಿಗೂ ಅದೇ, ನನ್ನ ಮುಂದೂ ಅದೇ: ಶ್ರೀಮತಿ ರುದ್ರಮ್ಮನವರು ಮಾಡುವ ವಿಜ್ಞಾಪನೆಗಳು. ರುದ್ರಮ್ಮ ಎದ್ದು ಎಡಕ್ಕೆ ಹೋಗಿ ಓದಿದರು, ಬಲಕ್ಕೆ ಹೋಗಿ ಓದಿದರು. ಬಲದ ಪರದೆಯ ಮೇಲೆ, ತಮ್ಮ ಹೆಸರಿನ ಕೆಳಗೆ, ಬೆರಳಿಟ್ಟು ಓದಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ಪ್ರಿಂಟರು ಬಿಸಿ ಪ್ರೂಫು ಉಗುಳಿತು. ಶ್ಯಾಮಣ್ಣನವರು ಅದನ್ನು ಮೇಜಿನ ಮೇಲೆ ಹರಡಿ, ಅಭ್ಯಾಸಬಲದಿಂದ ಇಂಕ್ ಪ್ಯಾಡಿನ ಮುಚ್ಚಳ ತೆಗೆದು ರುದ್ರಮ್ಮನ ಮುಂದೆ ದೂಡಿದರು.

ರುದ್ರಮ್ಮ ಪ್ಯಾಡನ್ನು ವಾಪಸು ದೂಡಿದರು. "ಪೆನ್ನು ಕೊಡಪ್ಪ" ಎಂದರು.

ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಮೈದುನ ಒಂದು ಕಡೆಯಿಂದ, ಭಾವ ಒಂದು ಕಡೆಯಿಂದ ಕಾಗದದ ಅಂಚು ಒತ್ತಿ ಹಿಡಿದಿದ್ದರು. ಫ್ಯಾನಿನ ಗಾಳಿಗೆ ಅದು ಹಾರುತ್ತಿತ್ತು. ಸಹಿ ಮುಗಿಸಿ, ಇನ್ನೂ ಪೆನ್ನು ಕೊಡದೆ, ನನ್ನ ಕಡೆ ತಿರುಗಿದರು.

"ನಿನ್ನೆಸ್ರು ಏನವ್ವ? ಮೊದ್ಲ ಕಾರ್ಡು ನಿಂಗೇ ಕೊಡ್ಬೇಕು, ಅದ್ರ ಮೇಲೆ ನಾನೇ ಬರೀತೀನಿ."